ನೆರೆಗೆ ಹೆಲಿಕಾಪ್ಟರ್, ಬರಕ್ಕೆ ಫೈಲು

ಮೊದಲು ಎರಡು ಅಂಕಿ ನೋಡಿ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಉಕ್ಕಿ ಹರಿದವು, ಅತ್ತ ಕೊಡಗು, ಚಿಕ್ಕಮಗಳೂರಿನಲ್ಲಿ ಗುಡ್ಡ ಜರಿಯಿತು. ಆಗ ರಾಜ್ಯ ಸರ್ಕಾರ ಹಾಕಿದ ನಷ್ಟದ ಲೆಕ್ಕ 35,160 ಕೋಟಿ ರೂಪಾಯಿ. ನಾಲ್ಕು ವರ್ಷ ಬಿಟ್ಟು, 2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಅಂತ ಘೋಷಣೆಯಾಯಿತು. ಆಗಿನ ಲೆಕ್ಕ 35,162 ಕೋಟಿ. ವ್ಯತ್ಯಾಸ ಬರೀ ಎರಡು ಕೋಟಿ. ಕಾಕತಾಳೀಯವೇ ಇರಬಹುದು, ಆದರೆ ಹೋಲಿಸಿ ನೋಡೋಕೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಿಕ್ಕಿಲ್ಲ. ಅದೇ ರಾಜ್ಯ, ಹೆಚ್ಚೂಕಮ್ಮಿ ಅಷ್ಟೇ ನಷ್ಟ. ಸರ್ಕಾರಗಳು ನಡೆದುಕೊಂಡ ರೀತಿ ಮಾತ್ರ ಬೇರೆ ಬೇರೆ.

2019ರಲ್ಲಿ ನೀರು ಇನ್ನೂ ಇಳಿದಿರಲಿಲ್ಲ, ಆಗಲೇ ಕೇಂದ್ರದ ಹಣಕಾಸು ಸಚಿವೆ ಬೆಳಗಾವಿಗೆ ಬಂದರು. ಆಗಸ್ಟ್ 11ಕ್ಕೆ ಗೃಹ ಸಚಿವ ಅಮಿತ್ ಶಾ ಹೆಲಿಕಾಪ್ಟರ್‌ನಲ್ಲಿ ಕೂತು ನೆರೆ ನೋಡಿದರು. ಯಡಿಯೂರಪ್ಪ ಸರ್ಕಾರ ಮನೆಗೆ ನೀರು ನುಗ್ಗಿದ ಕುಟುಂಬಗಳಿಗೆ ತಕ್ಷಣಕ್ಕೆ 10,000 ರೂಪಾಯಿ ಕೊಡುತ್ತೇವೆ ಎಂದಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದಿತು. ಆಗ ಕೇಂದ್ರದ ನಿಯಮದಲ್ಲಿ ಬಯಲು ಸೀಮೆಯ ಮನೆಗೆ ಇದ್ದದ್ದು 95,100 ರೂಪಾಯಿ, ಅಂದರೆ ಐದು ಪಟ್ಟು ಜಾಸ್ತಿ. ಅಕ್ಟೋಬರ್ ಮೊದಲ ವಾರದಲ್ಲಿ ಕೇಂದ್ರದಿಂದ ಮಧ್ಯಂತರ ಪರಿಹಾರ ಅಂತ 1,200 ಕೋಟಿ ಬಂತು, ಮುಂದಿನ ಜನವರಿಯ ಹೊತ್ತಿಗೆ ಒಟ್ಟು 1,869.85 ಕೋಟಿ ಆಯಿತು.

2023ರಲ್ಲಿ? ಸೆಪ್ಟೆಂಬರ್ 13ಕ್ಕೆ ಬರ ಘೋಷಣೆ. ಅಕ್ಟೋಬರ್‌ನಲ್ಲಿ ಕೇಂದ್ರ ತಂಡ ಬಂದು ಹೊಲ ನೋಡಿ ಹೋಯಿತು, ವರದಿಯನ್ನೂ ಕೊಟ್ಟಿತು. ಆಮೇಲೆ ಸದ್ದೇ ಇಲ್ಲ. ನವೆಂಬರ್ ಹೋಯಿತು, ಸಂಕ್ರಾಂತಿ ಹೋಯಿತು, 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಕೇಂದ್ರ, ರಾಜ್ಯಗಳ ನಡುವೆ ಪೈಪೋಟಿ ಬೇಡ ಅಂತ ನ್ಯಾಯಮೂರ್ತಿಗಳು ಬುದ್ಧಿ ಹೇಳಬೇಕಾಯಿತು. ಏಪ್ರಿಲ್ ಕೊನೆಗೆ 3,454 ಕೋಟಿ ಬಿಡುಗಡೆಯಾಯಿತು. ಅಷ್ಟೊತ್ತಿಗೆ ಯುಗಾದಿ ಮುಗಿದು ರೈತರು ಮುಂದಿನ ಬಿತ್ತನೆಗೆ ಸಾಲ ಹುಡುಕುತ್ತಿದ್ದರು.

ಇಲ್ಲೊಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ನಾನೇ ಮೋಸ ಮಾಡಿದ ಹಾಗೆ. ಮೊತ್ತ ಮಾತ್ರ ನೋಡಿದರೆ ಬರಕ್ಕೆ ಬಂದದ್ದೇ ಜಾಸ್ತಿ. ಹಾಗಾಗಿ "ನೆರೆಗೆ ದುಡ್ಡು, ಬರಕ್ಕೆ ಚೊಂಬು" ಅಂತ ಸುಮ್ನೆ ಹೇಳಿ ಮುಗಿಸೋಕೆ ಆಗುವುದಿಲ್ಲ. ತಾರತಮ್ಯ ಇರುವುದು ಯಾವಾಗ ಕೊಟ್ಟರು, ಯಾರಿಗೆ ಕೊಟ್ಟರು, ಕೇಳಿಸಿಕೊಳ್ಳೋಕೆ ಏನೇನು ಮಾಡಬೇಕಾಯಿತು ಅನ್ನುವುದರಲ್ಲಿ. ಮತ್ತೆ, ದೆಹಲಿಯಲ್ಲಿ ಯಾವ ಪಕ್ಷ, ಬೆಂಗಳೂರಿನಲ್ಲಿ ಯಾವ ಪಕ್ಷ ಅನ್ನುವ ಒಂದೇ ಕನ್ನಡಕ ಹಾಕಿಕೊಂಡು ನೋಡಿದರೆ ಅರ್ಧ ಮಾತ್ರ ಕಾಣುತ್ತದೆ. 2019ರಲ್ಲಿ ಎರಡೂ ಕಡೆ ಒಂದೇ ಪಕ್ಷ ಇತ್ತು. ಆದರೂ ಮೊದಲ ಕಂತಿಗೆ ಎರಡು ತಿಂಗಳು ಕಾಯಬೇಕಾಯಿತು. ಡಬಲ್ ಇಂಜಿನ್ ಎಲ್ಲಿ ನಿಂತಿದೆ ಅಂತ ಆಗ ಜನ ಕೇಳಿದ್ದು ನೆನಪಿರಬಹುದು.

ನನ್ನ ಪ್ರಕಾರ ದೊಡ್ಡ ತಾರತಮ್ಯ ಸಚಿವರ ಮನಸ್ಸಿನಲ್ಲಿಲ್ಲ, ನಿಯಮದ ಪುಸ್ತಕದಲ್ಲಿದೆ. ಯಾರು ಅಧಿಕಾರದಲ್ಲಿದ್ದರೂ ಅದೇ ಪುಸ್ತಕ. ಯಾವುದು ವಿಕೋಪ, ಯಾವುದು ಅಲ್ಲ, ಯಾರ ನಷ್ಟ ನಷ್ಟ, ಯಾರದ್ದು ಹಣೆಬರಹ ಅಂತ ಮಳೆ ಬರುವ ಮೊದಲೇ ಅದರಲ್ಲಿ ತೀರ್ಮಾನ ಆಗಿರುತ್ತದೆ.

ಹಣದ ದಾರಿ ಹೀಗಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ರಾಜ್ಯಕ್ಕೂ ಒಂದು ನಿಧಿ ಇದೆ, ಎಸ್‌ಡಿಆರ್‌ಎಫ್. ಕರ್ನಾಟಕದಂಥ ರಾಜ್ಯಗಳಲ್ಲಿ ಅದರ ನೂರರಲ್ಲಿ 75 ಪಾಲು ಕೇಂದ್ರದ್ದು, 25 ರಾಜ್ಯದ್ದು. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ 90, 10. ಈ ಹಣ ಸಾಲದಿದ್ದರೆ, ಮತ್ತು ವಿಕೋಪ "ತೀವ್ರ ಸ್ವರೂಪದ್ದು" ಅನಿಸಿದರೆ ಮಾತ್ರ ಕೇಂದ್ರದ ಎನ್‌ಡಿಆರ್‌ಎಫ್ ನಿಧಿಯಿಂದ ಬರುತ್ತದೆ. ಕಿತ್ತಳೆ ಬಣ್ಣದ ಬಟ್ಟೆ ಹಾಕಿಕೊಂಡು ದೋಣಿಯಲ್ಲಿ ಬರುವ ಪಡೆಯ ಹೆಸರೂ ಎನ್‌ಡಿಆರ್‌ಎಫ್, ಈ ನಿಧಿಯ ಹೆಸರೂ ಎನ್‌ಡಿಆರ್‌ಎಫ್. ಟಿವಿಯಲ್ಲಿ "ಎನ್‌ಡಿಆರ್‌ಎಫ್ ಬಂತು" ಅಂದರೆ ದುಡ್ಡು ಬಂತು ಅಂದುಕೊಂಡವರನ್ನು ನೋಡಿದ್ದೇನೆ. ಎರಡೂ ಬೇರೆ. ಪಡೆ ಕೆಲವೇ ಗಂಟೆಗಳಲ್ಲಿ ಬರುತ್ತದೆ. ನಿಧಿಗೆ ರಾಜ್ಯ ಮನವಿ ಕೊಡಬೇಕು, ಕೇಂದ್ರ ತಂಡ ಬರಬೇಕು, ಅದು ವರದಿ ಕೊಡಬೇಕು, ಉಪಸಮಿತಿ ನೋಡಬೇಕು, ಕೊನೆಗೆ ಗೃಹ ಸಚಿವರ ಅಧ್ಯಕ್ಷತೆಯ ಉನ್ನತ ಸಮಿತಿ ಸಭೆ ಸೇರಬೇಕು. ಆ ಸಭೆ ಯಾವಾಗ ಸೇರುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. 2023ರಲ್ಲಿ ಫೈಲು ಸಿಕ್ಕಿಹಾಕಿಕೊಂಡದ್ದೂ ಆ ಕೊನೆಯ ಮೆಟ್ಟಿಲಲ್ಲೇ.

ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ನೆರೆ, ಚಂಡಮಾರುತ, ಭೂಕಂಪ, ಭೂಕುಸಿತ ಬಂದರೆ ಕೇಂದ್ರದಲ್ಲಿ ನೋಡಿಕೊಳ್ಳುವುದು ಗೃಹ ಸಚಿವಾಲಯ. ಬರ, ಆಲಿಕಲ್ಲು, ಕೀಟಬಾಧೆ, ಶೀತಗಾಳಿ ಆದರೆ ಕೃಷಿ ಸಚಿವಾಲಯ. ಅಂದರೆ ನೆರೆ ತುರ್ತು ಪರಿಸ್ಥಿತಿ, ಬರ ಬೇಸಾಯದ ಸಮಸ್ಯೆ. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುತ್ತಾ ರಾತ್ರಿ ಹನ್ನೊಂದಕ್ಕೆ ಕೊಡ ಹಿಡಿದು ನಿಂತವರಿಗೆ ಅದು ಬೇಸಾಯದ ಸಮಸ್ಯೆ ಅನಿಸುತ್ತದಾ?

ಬರವನ್ನು ಸಾಬೀತು ಮಾಡುವುದೇ ಒಂದು ಸಾಹಸ. ಕೇಂದ್ರದ 2016ರ ಬರ ಕೈಪಿಡಿಯ ಪ್ರಕಾರ ಮೊದಲು ಮಳೆ ಕೊರತೆ ಅಥವಾ ಮೂರ್ನಾಲ್ಕು ವಾರ ಮಳೆಯೇ ಇಲ್ಲದ್ದು ತೋರಿಸಬೇಕು. ಅಷ್ಟು ಸಾಲದು. ಬಿತ್ತನೆಯಾದ ಜಮೀನು, ಮಣ್ಣಿನ ತೇವಾಂಶ, ಜಲಾಶಯ ಮತ್ತು ಅಂತರ್ಜಲದ ಮಟ್ಟ, ಉಪಗ್ರಹದ ಚಿತ್ರದಲ್ಲಿ ಹಸಿರು ಎಷ್ಟಿದೆ, ಇವೂ ಕೆಟ್ಟಿವೆ ಅಂತ ತೋರಿಸಬೇಕು. ಆಮೇಲೆ ಆಯ್ದ ಹತ್ತು ಪರ್ಸೆಂಟ್ ಹಳ್ಳಿಗಳಿಗೆ ಹೋಗಿ ಹೊಲ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಇಷ್ಟೆಲ್ಲ ಆಗಿ "ಸಾಧಾರಣ ಬರ" ಅಂತ ಬಂದರೆ ಕೇಂದ್ರದ ಎನ್‌ಡಿಆರ್‌ಎಫ್ ಹಣ ಇಲ್ಲ. "ತೀವ್ರ ಬರ" ಅಂತಲೇ ಬರಬೇಕು.

ಈಗ 2023ರ ಅಕ್ಟೋಬರ್‌ನ ಒಂದು ಜೋಳದ ಹೊಲಕ್ಕೆ ಹೋಗೋಣ. ಜೂನ್‌ನಲ್ಲಿ ಮಳೆ ಇಲ್ಲ, ಜುಲೈನಲ್ಲಿ ಒಂದಿಷ್ಟು ಬಂತು, ಬಿತ್ತಿದರು, ಆಗಸ್ಟ್ ಪೂರ್ತಿ ಒಣಗಿತು. ಸೆಪ್ಟೆಂಬರ್‌ನಲ್ಲಿ ನಾಲ್ಕು ಹನಿ ಬಿದ್ದವು, ದಂಟು ಮತ್ತೆ ಹಸಿರಾಯಿತು. ರಸ್ತೆಯಲ್ಲಿ ಕಾರಿನ ಕಿಟಕಿಯಿಂದ ನೋಡಿದರೆ ಬೆಳೆ ನಳನಳಿಸುತ್ತಿದೆ. ಉಪಗ್ರಹಕ್ಕೂ ಹಸಿರೇ ಕಾಣುತ್ತದೆ. ಹೊಲದೊಳಗೆ ಇಳಿದು ತೆನೆ ಸುಲಿದು ನೋಡಿದರೆ ಒಳಗೆ ಕಾಳೇ ಇಲ್ಲ, ಇದ್ದರೂ ಜೊಳ್ಳು. ಇದಕ್ಕೆ ರಾಜ್ಯದ ಕಂದಾಯ ಸಚಿವರು ಆಗ "ಹಸಿರು ಬರ" ಅಂದರು. ಕೆಲವರು ನಕ್ಕರು. ಹಸಿರು ಇದ್ದ ಮೇಲೆ ಬರ ಎಂಥದ್ದು ಅಂತ. ಆ ದಂಟನ್ನು ದನಕ್ಕೆ ಹಾಕಬಹುದು, ಮನೆಗೆ ಚೀಲ ಬರುವುದಿಲ್ಲ. ನೆರೆಯಲ್ಲಿ ಹೊಲದ ಮೇಲೆ ನಿಂತ ನೀರನ್ನು ಯಾರೂ ತೆನೆ ಸುಲಿದು ನೋಡಬೇಕಾಗಿಲ್ಲ, ಅಲ್ವಾ?

ಸರಿ, ಸಾಬೀತಾಯಿತು ಅಂತಿಟ್ಟುಕೊಳ್ಳಿ. ಎಷ್ಟು ಬರುತ್ತದೆ? 2022ರಿಂದ 2026ರವರೆಗಿನ ನಿಯಮದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ತೋಟದಂಥ ಬಹುವಾರ್ಷಿಕ ಬೆಳೆಗೆ 22,500. ಹೆಚ್ಚೆಂದರೆ ಎರಡು ಹೆಕ್ಟೇರ್. ಬೆಳೆ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಹಾಳಾಗಿದ್ದರೆ ಏನೂ ಇಲ್ಲ. ನಮ್ಮ ಲೆಕ್ಕಕ್ಕೆ ತಂದರೆ ಮಳೆಯಾಶ್ರಿತ ಜಮೀನಿಗೆ ಎಕರೆಗೆ ಸುಮಾರು 3,440 ರೂಪಾಯಿ, ಗುಂಟೆಗೆ 86. ಇದಕ್ಕೆ ನಿಯಮದಲ್ಲಿ ಇಟ್ಟ ಹೆಸರು "ಇನ್‌ಪುಟ್ ಸಬ್ಸಿಡಿ". ಪರಿಹಾರ ಅಂತ ನಾವು ಕರೆಯುತ್ತೇವೆ, ನಿಯಮ ಹಾಗೆ ಕರೆಯುವುದಿಲ್ಲ. ಹಾಳಾದ ಬೆಳೆಯ ಬೆಲೆ ಅಲ್ಲ ಅದು, ಮುಂದಿನ ಬೀಜ, ಗೊಬ್ಬರಕ್ಕೆ ಒಂದು ಸಣ್ಣ ಕೈಯಾಸರೆ. 35 ಸಾವಿರ ಕೋಟಿ ನಷ್ಟಕ್ಕೆ ಬಿಡಿಗಾಸು ಕೊಟ್ಟರು ಅಂತ ಭಾಷಣದಲ್ಲಿ ಹೇಳುವಾಗ ಈ ಅಂತರ ಮುಚ್ಚಿಹೋಗುತ್ತದೆ. ನಷ್ಟದ ಲೆಕ್ಕ ಒಂದು, ನಿಯಮದ ಪ್ರಕಾರ ಕೇಳಬಹುದಾದದ್ದು ಇನ್ನೊಂದು. 2023ರಲ್ಲಿ ನಿಯಮದ ಪ್ರಕಾರ ರಾಜ್ಯ ಕೇಳಿದ್ದು 18,171 ಕೋಟಿ. ಬಂದದ್ದು ಅದರ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಕಮ್ಮಿ.

ಆ 18,171 ಕೋಟಿಯನ್ನು ಬಿಡಿಸಿ ನೋಡಿದರೆ ಇನ್ನೂ ಸ್ವಾರಸ್ಯ ಇದೆ. ಬೆಳೆ ನಷ್ಟಕ್ಕೆ ಕೇಳಿದ್ದು ಸುಮಾರು 4,663 ಕೋಟಿ ಮಾತ್ರ. ಸಿಂಹಪಾಲು, 12,577 ಕೋಟಿ, ಬರದಿಂದ ದುಡಿಮೆ ಕಳೆದುಕೊಂಡ ಕುಟುಂಬಗಳ ಜೀವನೋಪಾಯಕ್ಕೆ. ಜಗಳ ನಡೆದದ್ದು ನಿಜವಾಗಿ ಇದರ ಮೇಲೆ. ಹೊಲ ಒಣಗಿದರೆ ಅಳೆಯಬಹುದು, ಕೂಲಿ ಒಣಗಿದ್ದನ್ನು ಹೇಗೆ ಅಳೆಯುತ್ತೀರಿ? ಕಳೆ ಕೀಳುವ ಕೆಲಸ ಇಲ್ಲ, ಕೊಯ್ಲು ಇಲ್ಲ, ರಾಶಿ ಇಲ್ಲ. ಆಗಿನ ನರೇಗಾ ನಿಯಮದಲ್ಲಿ ಬರ ಬಂದ ಕಡೆ 100 ದಿನದ ಜೊತೆ ಇನ್ನೂ 50 ದಿನ ಕೆಲಸ ಕೊಡಬಹುದಿತ್ತು, ರಾಜ್ಯ ಅದನ್ನೂ ಕೇಳಿತ್ತು. ಅದಕ್ಕೂ ದೆಹಲಿಯ ಒಪ್ಪಿಗೆ ಬೇಕಿತ್ತು. ಹೊಟ್ಟೆ ಒಪ್ಪಿಗೆ ಬರುವ ತನಕ ಕಾಯುವುದಿಲ್ಲ. ಯಾದಗಿರಿ, ರಾಯಚೂರು, ಕೊಪ್ಪಳದ ಕಡೆ ಜನ ಗುಳೆ ಹೋಗುತ್ತಾರೆ. ನೆರೆಯಲ್ಲಿ ಮನೆ ಬೀಳುತ್ತದೆ, ಬರದಲ್ಲಿ ಮನೆಗೆ ಬೀಗ ಬೀಳುತ್ತದೆ. ಬಿದ್ದ ಮನೆಗೆ ಪಂಚನಾಮೆ ಇದೆ, ಬೀಗಕ್ಕೆ ಇಲ್ಲ.

ಇಲ್ಲಿಯವರೆಗೆ ದೆಹಲಿಯನ್ನು ಬೈದದ್ದಾಯಿತು. ಬೆಂಗಳೂರೇನು ಕಮ್ಮಿ ಇಲ್ಲ. ರಾಜ್ಯಕ್ಕೆ ಮನಸ್ಸಿದ್ದರೆ ನಿಯಮಕ್ಕಿಂತ ಜಾಸ್ತಿ ಕೊಡಬಹುದು, ಕೊಟ್ಟೂ ಇದೆ. 2021ರ ಡಿಸೆಂಬರ್‌ನಲ್ಲಿ ಬೊಮ್ಮಾಯಿ ಸರ್ಕಾರ ಅತಿವೃಷ್ಟಿಯಿಂದ ಹಾಳಾದ ಬೆಳೆಗೆ ಹೆಕ್ಟೇರಿಗೆ ಆಗ ಇದ್ದ 6,800 ರೂಪಾಯಿಯನ್ನು ನೇರ ಎರಡು ಪಟ್ಟು ಮಾಡಿ 13,600 ಕೊಟ್ಟಿತು. 2025ರಲ್ಲಿ ಭೀಮಾ ನದಿ ಕಲಬುರಗಿ, ಯಾದಗಿರಿ, ವಿಜಯಪುರ ಭಾಗದಲ್ಲಿ ಉಕ್ಕಿದಾಗ ಸಿದ್ದರಾಮಯ್ಯ ಸರ್ಕಾರ ಹೆಕ್ಟೇರಿಗೆ 8,500 ಹೆಚ್ಚುವರಿ ಸೇರಿಸಿತು, ಮಳೆಯಾಶ್ರಿತ ಬೆಳೆಗೆ ಒಟ್ಟು 17,000. ಒಳ್ಳೆಯದೇ, ಎರಡು ಸಲವೂ ಕೊಟ್ಟದ್ದು ಸರಿ. ನಡುವೆ 2023ರ ಬರ ಬಂತಲ್ಲ, ಆಗ? ಮೊದಲ ಕಂತು ಅಂತ ರೈತರಿಗೆ ತಲಾ 2,000 ರೂಪಾಯಿವರೆಗೆ ಹಾಕಿದರು. ಉಳಿದದ್ದು ಕೇಂದ್ರದಿಂದ ಬಂದ ಮೇಲೆ, ನಿಯಮದ ದರದಲ್ಲಿ. ಆಮೇಲೆ ಸಣ್ಣ ರೈತ ಕುಟುಂಬಗಳಿಗೆ ಜೀವನೋಪಾಯಕ್ಕೆ ಅಂತ ಒಂದು ಸಣ್ಣ ಮೊತ್ತ ಹಾಕಿದ್ದು ಬಿಟ್ಟರೆ, ನೆರೆಗೆ ಮಾಡಿದ ಹಾಗೆ ದರವನ್ನೇ ಎರಡು ಪಟ್ಟು ಮಾಡಲಿಲ್ಲ. ಯಾಕೆ ಅಂತ ಊಹಿಸುವುದು ಕಷ್ಟ ಅಲ್ಲ. ನೆರೆ ಕೆಲವು ಜಿಲ್ಲೆಗಳಲ್ಲಿ ಬರುತ್ತದೆ, ಬರ ರಾಜ್ಯಪೂರ್ತಿ ಬರುತ್ತದೆ. ಕೆಲವರಿಗೆ ಎರಡು ಪಟ್ಟು ಕೊಡಬಹುದು, ಎಲ್ಲರಿಗೂ ಕೊಡೋಕೆ ಖಜಾನೆ ಒಪ್ಪುವುದಿಲ್ಲ. ಹೀಗೆ, ಜಾಸ್ತಿ ಜನಕ್ಕೆ ಬಂದ ಕಷ್ಟಕ್ಕೆ ತಲಾ ಪರಿಹಾರ ಕಮ್ಮಿ ಆಗಿಬಿಡುತ್ತದೆ.

ಬೆಂಗಳೂರಿನ ಮಾತು ಬಂತು, 2022 ನೆನಪಿಸಿಕೊಳ್ಳಿ. ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಹೊರವರ್ತುಲ ರಸ್ತೆ ಕೆರೆಯಾಯಿತು. ರೈನ್‌ಬೋ ಡ್ರೈವ್ ಲೇಔಟ್‌ನ ವಿಲ್ಲಾಗಳಿಂದ ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಚಿತ್ರ ಎಲ್ಲ ಕಡೆ ಓಡಾಡಿತು. ಆ ರಸ್ತೆಯ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆದು, ಆಗಸ್ಟ್ 30ರ ಒಂದೇ ದಿನ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡದ್ದಕ್ಕೆ 225 ಕೋಟಿ ನಷ್ಟ ಅಂದಿತು. ಸರ್ಕಾರ ಮಳೆ ಹಾನಿಗೆ 600 ಕೋಟಿ ಘೋಷಿಸಿತು, ಅದರಲ್ಲಿ 300 ಕೋಟಿ ಬೆಂಗಳೂರಿಗೇ. ಮಿಕ್ಕ ಜಿಲ್ಲೆಗಳೆಲ್ಲ ಸೇರಿ ಇನ್ನರ್ಧ. ಬೆಂಗಳೂರಿಗೆ ಕೊಡಬಾರದಿತ್ತು ಅಂತ ನಾನು ಹೇಳುತ್ತಿಲ್ಲ. ಆ ಪತ್ರದ ತಾಕತ್ತು ನೋಡಿ. ಒಂದು ದಿನದ ನಷ್ಟವನ್ನು ಕೋಟಿಯಲ್ಲಿ ಲೆಕ್ಕ ಹಾಕಿ, ಲೆಟರ್‌ಹೆಡ್‌ನಲ್ಲಿ ಟೈಪ್ ಮಾಡಿ, ಮುಖ್ಯಮಂತ್ರಿಯ ಟೇಬಲ್ ತನಕ ತಲುಪಿಸುವ ಜನ ಅಲ್ಲಿದ್ದಾರೆ. ಅದೇ ಮಳೆಗೆ ಶೆಡ್ಡಿನಲ್ಲಿ ನೆಲದ ಮೇಲಿಟ್ಟ ಅಕ್ಕಿ ಚೀಲ ನೆನೆದವರ ಒಂದು ದಿನದ ನಷ್ಟ ಎಷ್ಟು ಅಂತ ಯಾವ ಪತ್ರದಲ್ಲೂ ಇರಲಿಲ್ಲ.

ಶೆಡ್ಡಿನ ವಿಷಯ ಸ್ವಲ್ಪ ಹತ್ತಿರದಿಂದ ನೋಡಬೇಕು. ಮನೆ ಪೂರ್ತಿ ಬಿದ್ದರೆ ಕೇಂದ್ರದ 2022-26ರ ನಿಯಮದಲ್ಲಿ ಬಯಲಿನಲ್ಲಿ 1.20 ಲಕ್ಷ, ಗುಡ್ಡಗಾಡಿನಲ್ಲಿ 1.30 ಲಕ್ಷ. ಶೇಕಡ 15ರಷ್ಟಾದರೂ ಹಾನಿಯಾಗಿದ್ದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಗ್ರಾಮ ಆಡಳಿತ ಅಧಿಕಾರಿ, ನಮ್ಮ ಬಾಯಲ್ಲಿ ಇನ್ನೂ ಗ್ರಾಮ ಲೆಕ್ಕಿಗರೇ, ಮೊಬೈಲ್ ಹಿಡಿದು ಬರುತ್ತಾರೆ. ಗೋಡೆ ಬಿರುಕು ಬಿಟ್ಟಿದೆ, ಅದು 14 ಪರ್ಸೆಂಟಾ 16 ಪರ್ಸೆಂಟಾ? ತೇವ ಹಿಡಿದ ಮಣ್ಣಿನ ಗೋಡೆ ಇವತ್ತು ನಿಂತಿರುತ್ತದೆ, ಫೋಟೋ ಹೊಡೆದುಕೊಂಡು ಹೋಗುತ್ತಾರೆ, ಬಿಸಿಲು ಬಿದ್ದ ಮೇಲೆ ಒಂದು ವಾರಕ್ಕೆ ಕುಸಿಯುತ್ತದೆ. ಅಷ್ಟೊತ್ತಿಗೆ ಪಟ್ಟಿ ತಹಶೀಲ್ದಾರ್ ಕಚೇರಿಗೆ ಹೋಗಿರುತ್ತದೆ. ಇಷ್ಟರ ಮೇಲೆ ನಿಯಮದಲ್ಲಿ ಇನ್ನೊಂದು ಸಾಲಿದೆ. ಹಾನಿಯಾದ ಮನೆ ಅಧಿಕೃತ ಕಟ್ಟಡ ಆಗಿರಬೇಕು, ಅದಕ್ಕೆ ಅಧಿಕಾರಿಯ ದೃಢೀಕರಣ ಬೇಕು. ಬರ ಬಂತು ಅಂತ ಊರು ಬಿಟ್ಟು ಬೆಂಗಳೂರಿನ ಖಾಲಿ ಸೈಟಿನಲ್ಲಿ ತಗಡಿನ ಶೆಡ್ ಹಾಕಿಕೊಂಡ ಕುಟುಂಬಕ್ಕೆ ಆ ದೃಢೀಕರಣ ಯಾರು ಕೊಡುತ್ತಾರೆ? ಊರಲ್ಲಿ ಬರದ ಪಟ್ಟಿಯಲ್ಲಿಲ್ಲ, ಇಲ್ಲಿ ನೆರೆಯ ಪಟ್ಟಿಯಲ್ಲೂ ಇಲ್ಲ.

ಹಳ್ಳಿಯಲ್ಲೇ ಉಳಿದವರಲ್ಲೂ ಎಲ್ಲರ ಹೆಸರು ಪಟ್ಟಿಗೆ ಬರುವುದಿಲ್ಲ. ಬೆಳೆ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ, ಆಧಾರ್ ಜೋಡಣೆ ಆಗಿರಬೇಕು, ರೈತರ ನೋಂದಣಿಯ ಫ್ರೂಟ್ಸ್ ಐಡಿ ಇರಬೇಕು. ಅಪ್ಪ ತೀರಿಕೊಂಡು ಪೌತಿ ಖಾತೆ ಆಗಿಲ್ಲ ಅಂದರೆ ಒದ್ದಾಟ. ಜಂಟಿ ಖಾತೆ, ಅಣ್ಣ ತಮ್ಮ ಮಾತಾಡುವುದಿಲ್ಲ ಅಂದರೆ ಇನ್ನೊಂದು ಒದ್ದಾಟ. ಎಲ್ಲಕ್ಕಿಂತ ದೊಡ್ಡ ಒದ್ದಾಟ ಬೇರೆಯವರ ಜಮೀನನ್ನು ಗುತ್ತಿಗೆಗೋ ಪಾಲಿಗೋ, ಅಂದರೆ ಲಾವಣಿ ಹಾಕಿಕೊಂಡು, ಇಲ್ಲ ಕೋರಿಗೆ ಮಾಡಿಕೊಂಡು ಉಳುವವರದ್ದು. ಬೀಜ ಅವರದ್ದು, ಗೊಬ್ಬರದ ಸಾಲ ಅವರದ್ದು, ಬೆವರು ಅವರದ್ದು, ಪರಿಹಾರದ ಮೆಸೇಜ್ ಬರುವುದು ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ ಇರುವ ಮಾಲೀಕರ ಫೋನಿಗೆ. ಕೆಲವರು ತಂದುಕೊಡುತ್ತಾರೆ. ಕೆಲವರು ಫೋನ್ ಎತ್ತುವುದಿಲ್ಲ.

ತಮಾಷೆ ಅಂದರೆ, ಪಹಣಿಯಲ್ಲಿ ಇದಕ್ಕೆ ಜಾಗ ಇದೆ. 9ನೇ ಕಾಲಂ ಮಾಲೀಕರದ್ದು, 12ನೇ ಕಾಲಂ ಸಾಗುವಳಿದಾರರದ್ದು. ಆದರೆ 12ರಲ್ಲಿ ಗೇಣಿದಾರರ ಹೆಸರು ಬರೆಸೋಕೆ ಯಾವ ಮಾಲೀಕರೂ ಒಪ್ಪುವುದಿಲ್ಲ. ಕಾರಣ 1974. ದೇವರಾಜ ಅರಸು ಕಾಲದ ಭೂಸುಧಾರಣೆಯಲ್ಲಿ ಉಳುವವನೇ ಹೊಲದೊಡೆಯ ಆದ, ಫಾರಂ 7 ತುಂಬಿದ ಗೇಣಿದಾರರಿಗೆ ಜಮೀನು ಬಂತು, ಮುಂದೆ ಬೇಸಾಯದ ಜಮೀನನ್ನು ಗೇಣಿಗೆ ಕೊಡುವುದನ್ನೇ ಕಾನೂನು ನಿಷೇಧಿಸಿತು. ಗೇಣಿ ಕಾಗದದಲ್ಲಿ ಸತ್ತಿತು, ಹೊಲದಲ್ಲಿ ಸಾಯಲಿಲ್ಲ. ಬಾಯಿಮಾತಿನಲ್ಲಿ ನಡೆದುಕೊಂಡು ಬಂತು. ಅವತ್ತು ಉಳುವವರಿಗೆ ಭೂಮಿ ಕೊಟ್ಟ ಅದೇ ಕಾನೂನಿನ ಭಯಕ್ಕೆ ಇವತ್ತು ಉಳುವವರ ಹೆಸರು ಪಹಣಿಗೆ ಬರುತ್ತಿಲ್ಲ. ಇದನ್ನು ಯಾವ ಪಕ್ಷದ ತಲೆಗೆ ಕಟ್ಟುತ್ತೀರಿ?

ಕ್ಯಾಮೆರಾ ಬಗ್ಗೆ ಎರಡು ಮಾತು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿ ಚಹಾ ಅಂಗಡಿ ಇಟ್ಟುಕೊಂಡಿದ್ದ ಕುಟುಂಬ ಕೊಚ್ಚಿಹೋಯಿತು. ಗಂಗಾವಳಿ ನದಿಯ ಆಚೆ ದಡದ ಉಳುವರೆ ಊರಿನ ಮೇಲೆ ನೀರು ಎದ್ದು ಅಪ್ಪಳಿಸಿತು. ಕೇರಳದ ಲಾರಿ ಚಾಲಕರೊಬ್ಬರೂ ಲಾರಿ ಸಮೇತ ಕಾಣೆಯಾಗಿದ್ದರು. ಮಲಯಾಳಂ ಚಾನೆಲ್‌ಗಳು ಬಂದು ಕೂತವು, ಅಲ್ಲಿನ ಸರ್ಕಾರ ಬೆನ್ನು ಹತ್ತಿತು, ಎರಡು ತಿಂಗಳು ದಾಟಿದ ಮೇಲೂ ಹುಡುಕಾಟ ನಿಲ್ಲಲಿಲ್ಲ, ಗೋವಾದಿಂದ ಡ್ರೆಜ್ಜರ್ ತಂದು ಕೊನೆಗೆ ಸೆಪ್ಟೆಂಬರ್ 25ಕ್ಕೆ ಲಾರಿ ಮೇಲೆತ್ತಿದರು. ಅವರ ಮನೆಯವರಿಗೆ ಅಷ್ಟಾದರೂ ಸಿಕ್ಕಿತಲ್ಲ ಅನ್ನುವ ಸಮಾಧಾನ ನನಗೂ ಇದೆ. ಆದರೆ ಲಾರಿಗಾಗಿ ಬಂದ ಕ್ಯಾಮೆರಾ ಉಳುವರೆಯ ಕಡೆ ಎಷ್ಟು ಹೊತ್ತು ತಿರುಗಿತು?

ಇದು ನನ್ನೊಬ್ಬನ ಗೊಣಗಾಟ ಅಲ್ಲ. ಟಿಮ್ ಬೆಸ್ಲಿ ಮತ್ತು ರಾಬಿನ್ ಬರ್ಜೆಸ್ ಎಂಬ ಅರ್ಥಶಾಸ್ತ್ರಜ್ಞರು 1958ರಿಂದ 1992ರವರೆಗಿನ ಭಾರತದ ರಾಜ್ಯಗಳ ಅಂಕಿಅಂಶ ತೆಗೆದು ನೋಡಿದ್ದರು. ಪತ್ರಿಕೆ ಜಾಸ್ತಿ ಓದುವ ರಾಜ್ಯಗಳಲ್ಲಿ ಬೆಳೆ ಬಿದ್ದಾಗ, ನೆರೆ ಬಂದಾಗ ಸರ್ಕಾರ ಹೆಚ್ಚು ಸ್ಪಂದಿಸುತ್ತಿತ್ತು. ಅದರಲ್ಲೂ ಕೆಲಸ ಮಾಡಿದ್ದು ಇಂಗ್ಲಿಷ್ ಪತ್ರಿಕೆ ಅಲ್ಲ, ಆಯಾ ನಾಡಿನ ಭಾಷೆಯ ಪತ್ರಿಕೆ. ತಾಲೂಕು ವರದಿಗಾರರು ಬರೆದ ನಾಲ್ಕು ಸಾಲಿನ ಸುದ್ದಿಗೂ ಬೆಲೆ ಇದೆ ಅನ್ನೋಣ. ಇನ್ನು ಅಮೆರಿಕದ ಟಿವಿ ಸುದ್ದಿಯ ಮೇಲೆ ನಡೆದ ಒಂದು ಅಧ್ಯಯನ 2007ರಲ್ಲಿ ಬಂತು. ಜ್ವಾಲಾಮುಖಿಯಲ್ಲಿ ಒಬ್ಬರು ಸತ್ತರೆ ಸಿಗುವಷ್ಟು ಪ್ರಚಾರ ಆಹಾರದ ಕೊರತೆಗೆ ಸಿಗಬೇಕಾದರೆ ಸುಮಾರು 40,000 ಜನ ಸಾಯಬೇಕಿತ್ತು. ಒಲಿಂಪಿಕ್ಸ್ ನಡೆಯುವಾಗ ವಿಕೋಪ ಬಂದರೆ ಸುದ್ದಿಯೂ ಕಮ್ಮಿ, ನೆರವೂ ಕಮ್ಮಿ. ಬಡವರ ಕಷ್ಟ ಒಳ್ಳೆಯ ಮುಹೂರ್ತ ನೋಡಿಕೊಂಡು ಬರಬೇಕು.

ಒಬ್ಬೊಬ್ಬರಾಗಿ ಸಾಯುವ ವಿಕೋಪಗಳ ಗತಿ ಇನ್ನೂ ಕಷ್ಟ. 2022ರಲ್ಲಿ ದೇಶದಲ್ಲಿ ಪ್ರಕೃತಿಯ ಹೊಡೆತಕ್ಕೆ ಸತ್ತವರು 8,060 ಜನ ಅಂತ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕ ಹೇಳುತ್ತದೆ. ಅವರಲ್ಲಿ 2,887 ಮಂದಿ ಸಿಡಿಲಿಗೆ ಸತ್ತವರು. ಉಳಿದ ಯಾವ ಕಾರಣವೂ ಇದರ ಹತ್ತಿರ ಬರುವುದಿಲ್ಲ. ಆದರೆ 2022-26ರ ನಿಯಮದ ವಿಕೋಪಗಳ ಪಟ್ಟಿಯಲ್ಲಿ ಸಿಡಿಲು ಇಲ್ಲ. ಬಿಸಿಗಾಳಿಯೂ ಇಲ್ಲ. ಶೀತಗಾಳಿ ಇದೆ, ಹಿಮಕುಸಿತ ಇದೆ. ಆ ನಿಯಮದಲ್ಲಿ ಸಿಡಿಲಿಗೋ ಬಿಸಿಲಿಗೋ ರಾಜ್ಯ ಕೊಡಬೇಕಾದರೆ ಅದನ್ನು ಸ್ಥಳೀಯ ವಿಕೋಪ ಅಂತ ಘೋಷಿಸಿಕೊಂಡು ತನ್ನ ನಿಧಿಯ ಹತ್ತು ಪರ್ಸೆಂಟ್ ಒಳಗೆ ಹೊಂದಿಸಿಕೊಳ್ಳಬೇಕಿತ್ತು. ಕುರಿ ಕಾಯುತ್ತಾ ಮರದಡಿ ನಿಂತವರು, ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವರು, ಒಂದು ಊರಿಗೆ ಒಬ್ಬರು. ಒಳಪುಟದಲ್ಲಿ ಒಂದು ಕಾಲಂ ಸುದ್ದಿ.

ಹಾಗಾದರೆ ಪಕ್ಷ ರಾಜಕೀಯ ಇಲ್ಲವೇ ಇಲ್ಲವಾ? ಇದೆ, ಧಾರಾಳವಾಗಿ ಇದೆ. ನಿಯಮ ಸಡಿಲವಾಗಿರುವ ಕಡೆಯೆಲ್ಲ ಅದು ನುಸುಳುತ್ತದೆ. ವಯನಾಡಿನಲ್ಲಿ 2024ರ ಜುಲೈ 30ಕ್ಕೆ ಗುಡ್ಡ ಕುಸಿದು ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. "ರಾಷ್ಟ್ರೀಯ ವಿಪತ್ತು" ಅಂತ ಘೋಷಿಸಿ ಅಂತ ಕೇರಳ ಕೇಳಿತು, ನಿಯಮದಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ ಅಂತ ಕೇಂದ್ರ ನವೆಂಬರ್‌ನಲ್ಲಿ ಉತ್ತರ ಕೊಟ್ಟಿತು. ಅದು ನಿಜ ಕೂಡ. ಪ್ರತಿ ನೆರೆಯಲ್ಲೂ ವಿರೋಧ ಪಕ್ಷದವರು ಕೇಳುವ ಆ ಘೋಷಣೆಗೆ ಕಾನೂನಿನಲ್ಲಿ ಬೆಲೆ ಇಲ್ಲ. ಇರುವುದು "ತೀವ್ರ ಸ್ವರೂಪದ ವಿಕೋಪ" ಅನ್ನುವ ಮಾತು, ಅದನ್ನು ಹೇಳೋಕೂ ಡಿಸೆಂಬರ್ ತನಕ ಕಾಯಿಸಿದರು. 2,000 ಕೋಟಿಗೂ ಮೇಲೆ ಕೇಳಿದವರಿಗೆ 2025ರ ಫೆಬ್ರುವರಿಯಲ್ಲಿ ಕೊಟ್ಟದ್ದು 529.50 ಕೋಟಿ ಸಾಲ. ಬಡ್ಡಿ ಇಲ್ಲ ನಿಜ, ಆದರೆ ಮಾರ್ಚ್ 31ರೊಳಗೆ ಬಳಸಿ ಅಂತ ಷರತ್ತು. ಒಂದೂವರೆ ತಿಂಗಳಲ್ಲಿ ಒಂದು ಊರು ಕಟ್ಟಿ ಅಂದ ಹಾಗಾಯಿತು. ಪುನರ್ನಿರ್ಮಾಣಕ್ಕೆ ಅಂತ 260.56 ಕೋಟಿ ಮಂಜೂರಾಗುವ ಹೊತ್ತಿಗೆ ದುರಂತ ನಡೆದು ಒಂದು ವರ್ಷ ದಾಟಿತ್ತು. ತಮಿಳುನಾಡಿನ ಕಥೆಯೂ ಅಷ್ಟೆ. 2023ರ ಡಿಸೆಂಬರ್‌ನ ಚಂಡಮಾರುತ ಮತ್ತು ನೆರೆಗೆ ಅವರು ಕೇಳಿದ್ದು 37,000 ಕೋಟಿಗೂ ಮೇಲೆ. ಕರ್ನಾಟಕದ ಬರದ ಹಣ ಬಂದ ಅದೇ ಏಪ್ರಿಲ್‌ನಲ್ಲಿ ಅವರಿಗೆ ಬಿಡುಗಡೆಯಾದದ್ದು 276 ಕೋಟಿ. ರಾಜ್ಯಗಳು ಕೇಳುವಾಗ ಉಬ್ಬಿಸಿ ಕೇಳುತ್ತವೆ, ಅದೂ ನಿಜ. ಆದರೆ ಎಷ್ಟು ದಿನದೊಳಗೆ ಉತ್ತರ ಕೊಡಬೇಕು ಅಂತ ಗಡುವು ಇಲ್ಲದ ಕಡೆ, ಸುಮ್ನೆ ಇರುವುದೂ ಒಂದು ರಾಜಕೀಯವೇ.

ವಿಕೋಪ ಬರುವ ಮುಂಚೆ ಖರ್ಚು ಮಾಡುವ ಹಣದಲ್ಲೂ ಇದೇ ಕಥೆ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ದೇಶದ ಏಳು ದೊಡ್ಡ ನಗರಗಳಲ್ಲಿ ನೆರೆ ತಡೆಯೋಕೆ 2,500 ಕೋಟಿ ಎತ್ತಿಟ್ಟಿತು. ಬೆಂಗಳೂರಿನ ಪಾಲು 250 ಕೋಟಿ. ಬರ ಹೆಚ್ಚಾಗಿ ಬರುವ ಹನ್ನೆರಡು ರಾಜ್ಯಗಳಿಗೆ ಬರ ತಡೆಯೋಕೆ ಎತ್ತಿಟ್ಟದ್ದು 1,200 ಕೋಟಿ. ಕರ್ನಾಟಕದ ಪಾಲು 100 ಕೋಟಿ. ಇಡೀ ರಾಜ್ಯದ ಬರಕ್ಕೆ ಐದು ವರ್ಷಕ್ಕೆ 100, ಒಂದು ನಗರದ ನೆರೆಗೆ 250. ಭೂಕಂಪ, ಭೂಕುಸಿತ ತಡೆಯೋಕೆ 750 ಕೋಟಿ ಇಟ್ಟರು, ಅದು ಹತ್ತು ಗುಡ್ಡಗಾಡು ರಾಜ್ಯಗಳಿಗೆ. ಆ ಪಟ್ಟಿಯಲ್ಲಿ ಪಶ್ಚಿಮ ಘಟ್ಟದ ರಾಜ್ಯಗಳಿಲ್ಲ. 2018ರಲ್ಲಿ ಜೋಡುಪಾಲ, ಮಕ್ಕಂದೂರಿನ ಗುಡ್ಡಗಳು ಜರಿದು ಬಂದದ್ದನ್ನು ನೋಡಿದವರಿಗೆ ಕೊಡಗು ಗುಡ್ಡಗಾಡಲ್ಲ ಅಂತ ಹೇಗೆ ಹೇಳುವುದು?

ಮುಂಜಾಗ್ರತೆಗೆ ಓಟು ಬರುವುದಿಲ್ಲ ಅನ್ನುವುದೂ ಇದಕ್ಕೆ ಒಂದು ಕಾರಣ. ಆಂಡ್ರ್ಯೂ ಹೀಲಿ, ನೀಲ್ ಮಲ್ಹೋತ್ರಾ ಎಂಬಿಬ್ಬರು ಅಮೆರಿಕದ ಚುನಾವಣೆಗಳ ಮೇಲೆ 2009ರಲ್ಲಿ ಪ್ರಕಟಿಸಿದ ಲೆಕ್ಕ ಇದೆ. ಪರಿಹಾರ ಹಂಚಿದ ಸರ್ಕಾರಕ್ಕೆ ಜನ ಓಟು ಕೊಡುತ್ತಾರೆ, ತಯಾರಿಗೆ ಖರ್ಚು ಮಾಡಿದ ಸರ್ಕಾರಕ್ಕೆ ಕೊಡುವುದಿಲ್ಲ. ತಯಾರಿಗೆ ಹಾಕಿದ ಒಂದು ಡಾಲರ್ ಮುಂದೆ ಸುಮಾರು 15 ಡಾಲರ್ ನಷ್ಟ ತಪ್ಪಿಸುತ್ತದೆ ಅಂತಲೂ ಅದೇ ಲೆಕ್ಕ ಹೇಳುತ್ತದೆ. ಕೆರೆ ಹೂಳೆತ್ತಿದ್ದಕ್ಕೆ ಯಾರೂ ಹಾರ ಹಾಕುವುದಿಲ್ಲ, ಗಂಜಿ ಕೇಂದ್ರದಲ್ಲಿ ಸೌಟು ಹಿಡಿದು ನಿಂತರೆ ಫೋಟೋ ಬರುತ್ತದೆ. ಈಗ ಅದಕ್ಕೆ ಕಾಳಜಿ ಕೇಂದ್ರ ಅಂತ ಹೆಸರು ಬದಲಾಗಿದೆ, ಫೋಟೋ ಹಾಗೇ ಇದೆ.

ಮೇಲೆ ಹೇಳಿದ 2022-26ರ ದರಗಳ ಅವಧಿ 2026ರ ಮಾರ್ಚ್‌ವರೆಗೆ. ಹೊಸ ಪುಸ್ತಕ ಕೈಗೆ ಸಿಕ್ಕಾಗ ನಾನು ಒಟ್ಟು ಮೊತ್ತ ಎಷ್ಟು ಸಾವಿರ ಕೋಟಿ ಅಂತ ಮೊದಲು ನೋಡುವುದಿಲ್ಲ. ಪಟ್ಟಿಯಲ್ಲಿ ಸಿಡಿಲು, ಬಿಸಿಲು ಸೇರಿವೆಯಾ ನೋಡುತ್ತೇನೆ, ಉನ್ನತ ಸಮಿತಿ ಇಂತಿಷ್ಟು ದಿನದಲ್ಲಿ ಸೇರಬೇಕು ಅಂತ ಒಂದು ಸಾಲಾದರೂ ಇದೆಯಾ ನೋಡುತ್ತೇನೆ. ಆಮೇಲೆ ಗುಂಟೆಗೆ 86 ರೂಪಾಯಿ ಎಷ್ಟಾಯಿತು ಅಂತ. ಪಹಣಿಯ 12ನೇ ಕಾಲಂ ತುಂಬಿಸುವುದು ದೆಹಲಿಯ ಪುಸ್ತಕದ ಕೆಲಸ ಅಲ್ಲ, ಅದು ವಿಧಾನಸೌಧದ್ದು. ಅಲ್ಲಿ ಈ ಮಾತು ಎತ್ತಿದರೆ ಮೊದಲು ಎದ್ದು ನಿಂತು ಬೇಡ ಅನ್ನುವವರು ಯಾರು ಅಂತ ಎರಡೂ ಕಡೆಯ ಬೆಂಚಿನವರಿಗೆ ಚೆನ್ನಾಗಿ ಗೊತ್ತು, ಅವರಲ್ಲಿ ಬಹಳಷ್ಟು ಜನರ ಹೆಸರು 9ನೇ ಕಾಲಂನಲ್ಲಿದೆ.